ಕೊಳ್ಳೇಗಾಲದ ಗಡಿಯಲ್ಲಿ ಎರಡು ಕಾನೂನು

ಕರ್ನಾಟಕದ ಕಾಯಿದೆ ಪುಸ್ತಕಗಳಲ್ಲಿ ‘ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ’ ಎಂಬ ಸೀಮೆಯೊಂದಿದೆ. ಯಾವ ಭೂಪಟದಲ್ಲೂ ಅದು ಸಿಗುವುದಿಲ್ಲ. ಮಂಗಳೂರು ಅರಬ್ಬಿ ಸಮುದ್ರದ ದಡದಲ್ಲಿದೆ, ಕೊಳ್ಳೇಗಾಲ ಕಾವೇರಿಯ ಬಯಲಿನಲ್ಲಿದೆ, ನಡುವೆ ಕೊಡಗೂ ಮೈಸೂರೂ ಹಾಸಿಕೊಂಡಿವೆ. ಆದರೂ ಕಾನೂನು ಇವೆರಡನ್ನೂ ಒಂದೇ ಹೆಸರಿನಡಿ ಇಟ್ಟಿತು. 1956ರ ಅಕ್ಟೋಬರ್ 31ರವರೆಗೆ ಎರಡೂ ಮದರಾಸು ರಾಜ್ಯಕ್ಕೆ ಸೇರಿದ್ದವು ಎಂಬುದಷ್ಟೇ ಅದಕ್ಕೆ ಕಾರಣ. ಮಾರನೆಯ ದಿನ ರಾಜ್ಯ ಬದಲಾಯಿತು, ಹೈಕೋರ್ಟು ಬದಲಾಯಿತು, ಕೊಳ್ಳೇಗಾಲಕ್ಕೆ ಜಿಲ್ಲೆಯೂ ಬದಲಾಯಿತು. ಕಾನೂನು ಬದಲಾಗಲಿಲ್ಲ. ರಾಜ್ಯ ಪುನರ್ವಿಂಗಡಣಾ ಕಾಯಿದೆಯ 119ನೆಯ ಕಲಮು, ಹಿಂದಿನ ದಿನ ಎಲ್ಲೆಲ್ಲಿ ಯಾವ ಕಾನೂನು ಜಾರಿಯಲ್ಲಿತ್ತೋ ಅಲ್ಲಲ್ಲಿ ಅದೇ ಮುಂದುವರಿಯಲಿ, ಅಧಿಕಾರವುಳ್ಳ ಶಾಸನಸಭೆ ಬದಲಿಸುವವರೆಗೆ ಹಾಗೆಯೇ ಇರಲಿ ಎಂದಿತು. ಹೀಗಾಗಿ ಏಕೀಕರಣವಾದ ಬೆಳಿಗ್ಗೆ ಕೊಳ್ಳೇಗಾಲದವರು ಮೈಸೂರು ರಾಜ್ಯದ ಪ್ರಜೆಗಳಾಗಿ, ಮದರಾಸಿನ ಕಾನೂನಿನಡಿ ಎದ್ದರು.

ತೌಲನಿಕ ಕಾನೂನು ಎಂದರೆ ನಮ್ಮ ಕಾನೂನು ವಿದ್ಯಾರ್ಥಿಗಳ ಮನಸ್ಸು ನೇರವಾಗಿ ಯುರೋಪಿಗೆ ಓಡುತ್ತದೆ. ಫ್ರಾನ್ಸಿನ ಸಂಹಿತೆ, ಜರ್ಮನಿಯ ಸಂಹಿತೆ, ಇಂಗ್ಲೆಂಡಿನ ತೀರ್ಪಿನ ಕಾನೂನು, ಇವುಗಳ ಹೋಲಿಕೆ ಓದಿ ಪರೀಕ್ಷೆ ಬರೆದು ಮುಗಿಸುತ್ತಾರೆ. ಅದು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಈ ವಿದ್ಯೆಯ ಅತ್ಯಂತ ಒಳ್ಳೆಯ ಉದಾಹರಣೆಗಳಲ್ಲೊಂದು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ದಾರಿಯಲ್ಲಿದೆ, ಅದನ್ನು ನಮ್ಮ ಕಾಲೇಜುಗಳು ಕಣ್ಣೆತ್ತಿ ನೋಡಿಲ್ಲ ಎಂಬುದು ನನ್ನ ದೂರು. ಆ ಉದಾಹರಣೆ ಏನು, ಅದರ ಬೆಳಕಿನಲ್ಲಿ ಯುರೋಪಿನ ಚರ್ಚೆಗಳು ಹೇಗೆ ಕಾಣುತ್ತವೆ, ನಮ್ಮ ಕಾನೂನು ಶಿಕ್ಷಣ ಗಡಿ ದಾಟಲು ಏನು ಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಗಡಿಯ ಕಥೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ನಡೆದ ಹಂಚಿಕೆಯಲ್ಲಿ ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಘಟ್ಟದ ಮೇಲಿನ ಊರಾದರೂ ಕೊಳ್ಳೇಗಾಲ ಅದರ ಜೊತೆಗೇ ಹೋಯಿತು. ಇಂದಿನ ಹನೂರು ತಾಲ್ಲೂಕು, ಮಲೆ ಮಹದೇಶ್ವರ ಬೆಟ್ಟ, ಶಿವನಸಮುದ್ರದ ದ್ವೀಪ, ಎಲ್ಲವೂ ಆಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು. ಯಳಂದೂರು ಮೈಸೂರಿನಲ್ಲೇ ಉಳಿಯಿತು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು. ಇತ್ತ ಯಳಂದೂರು ಕಡೆ ಮಾಂಬಳ್ಳಿ, ಅಗರ; ಅತ್ತ ಕೊಳ್ಳೇಗಾಲ ಕಡೆ ಮುಡಿಗುಂಡ. ಮಧ್ಯೆ ಬೆಟ್ಟವಿಲ್ಲ, ದಾಟಲಾಗದ ಹೊಳೆಯಿಲ್ಲ. ಎರಡೂ ಕಡೆ ಅದೇ ಕನ್ನಡ, ಅದೇ ಜಾತಿಗಳು, ಅದೇ ಒಕ್ಕಲು, ಅದೇ ಮಾದಪ್ಪನ ಹರಕೆ. ಹೆಣ್ಣು ಕೊಟ್ಟು ತರುವುದು ನಿಲ್ಲಲೇ ಇಲ್ಲ. ಆದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಜಮೀನಿನ ಲೆಕ್ಕ, ಸಾಲದ ಲೆಕ್ಕ, ಕಾಡಿನ ಹಕ್ಕು, ಹೆಂಗಸರ ಪಾಲು, ದೇವಸ್ಥಾನದ ಆಡಳಿತ ಎಲ್ಲವೂ ಎರಡು ಬಗೆಯಾಗಿದ್ದವು.

ಯುರೋಪಿನ ತೌಲನಿಕ ಕಾನೂನುಗಾರರಿಗೆ ಇಂಥ ಜಾಗ ಸುಲಭಕ್ಕೆ ಸಿಗುವುದಿಲ್ಲ. ಫ್ರಾನ್ಸನ್ನೂ ಜರ್ಮನಿಯನ್ನೂ ಹೋಲಿಸುವಾಗ ಭಾಷೆ ಬೇರೆ, ಚರ್ಚಿನ ಇತಿಹಾಸ ಬೇರೆ, ಶಾಲೆ ಬೇರೆ. ಕಂಡ ವ್ಯತ್ಯಾಸ ಕಾನೂನಿನಿಂದ ಬಂದದ್ದೋ ಸಮಾಜದಿಂದ ಬಂದದ್ದೋ ಎಂದು ಬಿಡಿಸುವುದು ಕಷ್ಟ. ಇಲ್ಲಿ ಸಮಾಜ ಒಂದೇ, ಕಾನೂನು ಮಾತ್ರ ಎರಡು. ಕಾನೂನು ಬದುಕನ್ನು ಎಷ್ಟರಮಟ್ಟಿಗೆ ತಿದ್ದುತ್ತದೆ ಎಂದು ಕೇಳುವವನಿಗೆ ಇದಕ್ಕಿಂತ ನೇರವಾದ ಪ್ರಯೋಗಶಾಲೆ ಬೇಕಿಲ್ಲ.

ಜಮೀನಿನ ಕಾಗದದಿಂದ ಶುರು ಮಾಡೋಣ. ಕೊಳ್ಳೇಗಾಲ ಕಡೆಯ ಹಳೆಯ ಕ್ರಯಪತ್ರವನ್ನೂ ಯಳಂದೂರು ಕಡೆಯದನ್ನೂ ಪಕ್ಕದಲ್ಲಿಟ್ಟರೆ ಮೊದಲು ಕಾಣುವುದು ಛಾಪಾ ಕಾಗದ: ಅದರಲ್ಲಿ ಬ್ರಿಟಿಷ್ ದೊರೆಯ ತಲೆ, ಇದರಲ್ಲಿ ಗಂಡಭೇರುಂಡ. ಆಮೇಲೆ ಅಳತೆ. ಮದರಾಸಿನದು ಎಕರೆ–ಸೆಂಟು, ನೂರು ಸೆಂಟಿಗೆ ಒಂದು ಎಕರೆ. ಮೈಸೂರಿನದು ಎಕರೆ–ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಕಾಗದದಲ್ಲಿ ‘2–25’ ಎಂದಷ್ಟೇ ಬರೆದಿದ್ದರೆ ಕೊಳ್ಳೇಗಾಲದ ಲೆಕ್ಕದಲ್ಲಿ ಅದು ಎರಡೂಕಾಲು ಎಕರೆ. ಮೈಸೂರು ಕಣ್ಣಿನಿಂದ ಓದಿದರೆ ಎರಡು ಎಕರೆ ಇಪ್ಪತ್ತೈದು ಗುಂಟೆ. ಹದಿನೈದು ಗುಂಟೆ ಹೆಚ್ಚು. ಹೊಲದ ಬದುವಿನ ಜಗಳಕ್ಕೆ ಅಷ್ಟು ಬೇಕಾದಷ್ಟಾಯಿತು. ಗ್ರಾಮಾಧಿಕಾರಿಗಳು ಅತ್ತ ಕರಣಂ ಮತ್ತು ಗ್ರಾಮ ಮುನ್ಸೀಫ, ಇತ್ತ ಶ್ಯಾನುಭೋಗ ಮತ್ತು ಪಟೇಲ. ಜಮೀನಿನ ದಾಖಲೆಗಳು ಅತ್ತ ಪಟ್ಟಾ, ಚಿಟ್ಟಾ, ಅಡಂಗಲ್. ಇತ್ತ ಖಾತೆ, ಪಹಣಿ.

ಹೆಸರು, ಅಳತೆ ಬೇರೆಯಾದದ್ದು ಮೇಲಿನ ಮಾತು. ಒಳಗಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಮದರಾಸಿನಲ್ಲಿ ರೈತವಾರಿ ಪದ್ಧತಿ ನಡೆಯುತ್ತಿದ್ದದ್ದು ಬಹುಮಟ್ಟಿಗೆ ಕಂದಾಯ ಮಂಡಳಿಯ ಸ್ಥಾಯೀ ಆದೇಶಗಳ ಮೇಲೆ. ಇಡೀ ಕಂದಾಯ ಕಾನೂನನ್ನು ಒಂದೇ ಸಂಹಿತೆಯಾಗಿ ಬರೆದಿರಲಿಲ್ಲ. ಮೈಸೂರಿನದು ಬೇರೆ ದಾರಿ. 1863ರಲ್ಲಿ ಶುರುವಾದ ಅದರ ಸರ್ವೆ ಮುಂಬಯಿ ಪದ್ಧತಿಯದು, 1888ರ ಮೈಸೂರು ಭೂಕಂದಾಯ ಸಂಹಿತೆಗೆ ಮಾದರಿ ಮುಂಬಯಿಯ 1879ರ ಸಂಹಿತೆ. ಅಂದರೆ ಮಾಂಬಳ್ಳಿ ದಾಟಿ ಮುಡಿಗುಂಡಕ್ಕೆ ಕಾಲಿಟ್ಟವನು ಮೈಸೂರಿನಿಂದ ಮದರಾಸಿಗೆ ಹೋದ ಎನ್ನುವುದಕ್ಕಿಂತ, ಮುಂಬಯಿಯ ಕಂದಾಯ ಚಿಂತನೆಯಿಂದ ಮದರಾಸಿನ ಕಂದಾಯ ಚಿಂತನೆಗೆ ದಾಟಿದ ಎನ್ನುವುದು ಹೆಚ್ಚು ಸರಿ. ಸ್ಕಾಟ್ಲೆಂಡಿನ ಅಲನ್ ವಾಟ್ಸನ್ 1974ರಲ್ಲಿ, ಕಾನೂನು ಬೆಳೆಯುವುದೇ ಹೆಚ್ಚಾಗಿ ಒಂದು ನೆಲದಿಂದ ಇನ್ನೊಂದು ನೆಲಕ್ಕೆ ನಾಟಿಯಾಗಿ ಎಂದು ವಾದಿಸಿದರು. 1990ರ ದಶಕದಲ್ಲಿ ಪಿಯೆರ್ ಲೆಗ್ರಾಂ ಅದನ್ನು ಅಲ್ಲಗಳೆದು, ಕಾನೂನಿನ ಜೊತೆ ಅದರ ಸಂಸ್ಕೃತಿಯ ಅರ್ಥ ಸಾಗಿ ಬರುವುದಿಲ್ಲ, ಹಾಗಾಗಿ ನಾಟಿ ಎಂಬುದೇ ಅಸಾಧ್ಯ ಎಂದರು. ಯಳಂದೂರಿನ ಕಡತಗಳು ಈ ಜಗಳಕ್ಕೆ ಸಾಕ್ಷಿ ನುಡಿಯಬಲ್ಲವು. ಮುಂಬಯಿಯ ಗುಂಟೆ ಇಲ್ಲಿ ಊರಿನ ಮಾತೇ ಆಗಿಹೋಗಿದೆ, ಅದು ಹೊರಗಿನದೆಂದು ಯಾರಿಗೂ ಅನ್ನಿಸುವುದಿಲ್ಲ. ಈ ವಿಷಯದಲ್ಲಿ ನಾನು ವಾಟ್ಸನ್ ಕಡೆಗೇ ವಾಲುತ್ತೇನೆ.

ಹೆಂಗಸರ ಪಾಲಿನ ವಿಷಯದಲ್ಲಿ ಸ್ವಲ್ಪ ನಿಂತು ನೋಡಬೇಕು. ಇಲ್ಲಿ ಎರಡು ಕಾನೂನಿನ ವ್ಯತ್ಯಾಸ ಬದುಕನ್ನೇ ಮುಟ್ಟುತ್ತಿತ್ತು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಎಂದು ಅದು ಬರೆಯಿತು. ಗಂಡ ಬದುಕಿದ್ದರೆ ಅವನಿಗೆ ಎಷ್ಟು ಬರುತ್ತಿತ್ತೋ ಅದರ ಅರ್ಧ ವಿಧವೆಗೆ. ಮದುವೆಯಾಗದ ಮಗಳಿಗೋ ತಂಗಿಗೋ ಒಬ್ಬ ಸಹೋದರನ ಪಾಲಿನ ಕಾಲುಭಾಗ. ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ ಬಂದ ಕಾಯಿದೆ ಬೇರೆ ರೀತಿಯದು. ಅದು ವಿಧವೆಗೆ ಗಂಡನ ಪೂರ್ತಿ ಹಕ್ಕನ್ನು ಕೊಟ್ಟಿತು, ಆದರೆ ಸೀಮಿತವಾಗಿ, ಅವಳ ಜೀವಮಾನದ ಅನುಭವಕ್ಕೆ. ಹೆಣ್ಣುಮಕ್ಕಳಿಗೆ ಏನನ್ನೂ ಕೊಡಲಿಲ್ಲ. ಮೇಲಾಗಿ 1941ರಲ್ಲಿ ಫೆಡರಲ್ ಕೋರ್ಟು, ಪ್ರಾಂತ್ಯಗಳ ಕೃಷಿ ಜಮೀನಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ ಎಂದಿತು. ಮದರಾಸು ಪ್ರಾಂತ್ಯ ಆ ಕೊರತೆ ತುಂಬಲು 1947ರ ಕಾಯಿದೆಯವರೆಗೆ ಕಾಯಬೇಕಾಯಿತು.

ಒಂದು ಲೆಕ್ಕ ಹಾಕಿ ನೋಡೋಣ. ಅಕ್ಕತಂಗಿಯರಿಬ್ಬರು, ಒಬ್ಬಳನ್ನು ಮಾಂಬಳ್ಳಿಗೂ ಇನ್ನೊಬ್ಬಳನ್ನು ಮುಡಿಗುಂಡಕ್ಕೂ ಕೊಟ್ಟಿದೆ ಎನ್ನೋಣ. ಎರಡೂ ಮನೆಯಲ್ಲಿ ಒಟ್ಟಿಗಿರುವ ಅಣ್ಣತಮ್ಮಂದಿರಿಬ್ಬರು, ಯಾರಿಗೂ ಗಂಡುಮಕ್ಕಳಿಲ್ಲ, ಆಸ್ತಿಯೆಂದರೆ ಎಂಟೆಕರೆ ಜಮೀನು. 1945ರಲ್ಲಿ ಇಬ್ಬರ ಗಂಡಂದಿರೂ ತೀರಿಕೊಂಡರು. ಮಾಂಬಳ್ಳಿಯವಳ ಗಂಡನಿಗೆ ಬರಬೇಕಿದ್ದದ್ದು ನಾಲ್ಕೆಕರೆ, ಅವಳಿಗೆ ಎರಡೆಕರೆ. ಮುಡಿಗುಂಡದವಳಿಗೆ ಆ ಜಮೀನಿನಲ್ಲಿ ಪಾಲೇ ಇಲ್ಲ, ಮೈದುನ ಕೊಡುವ ಜೀವನಾಂಶವಷ್ಟೇ. ಅದೇ ಸಾವು 1948ರಲ್ಲಿ ಆಗಿದ್ದರೆ ತಿರುವುಮುರುವು: ಮುಡಿಗುಂಡದವಳಿಗೆ ನಾಲ್ಕೆಕರೆ, ಬದುಕಿರುವವರೆಗೆ, ಮಾಂಬಳ್ಳಿಯವಳಿಗೆ ಮೊದಲಿನಂತೆ ಎರಡೇ ಎಕರೆ. ಮುಂದೆ 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಯಾದಾಗ ಅದರ 14ನೆಯ ಕಲಮು, ಹೆಂಗಸಿನ ಸ್ವಾಧೀನದಲ್ಲಿದ್ದ ಸೀಮಿತ ಹಕ್ಕನ್ನು ಪೂರ್ಣ ಒಡೆತನವಾಗಿಸಿತು. ಮುಡಿಗುಂಡದವಳ ನಾಲ್ಕೆಕರೆ ಅವಳದೇ ಆಯಿತು. ಒಂದೇ ತಾಯಿಯ ಮಕ್ಕಳು, ಒಂದೇ ವರ್ಷ ವಿಧವೆಯರಾದವರು, ನಡೆದು ಹೋಗುವಷ್ಟು ದೂರದ ಊರುಗಳು. 1956ಕ್ಕೆ ಹಿಂದೆ ಸತ್ತವರ ಆಸ್ತಿಯ ಪಾಲಿನ ದಾವೆ ಇಂದಿಗೂ ನ್ಯಾಯಾಲಯಕ್ಕೆ ಬಂದರೆ ವಕೀಲ ಮೊದಲು ಕೇಳಬೇಕಾದ ಪ್ರಶ್ನೆ, ಆ ಜಮೀನು ಆಗ ಯಾವ ಕಡೆಯದು ಎಂಬುದು.

ಮೈಸೂರಿನದು ಮುಂದುವರಿದ ಸಂಸ್ಥಾನ, ಮದರಾಸು ಹಿಂದೆ ಬಿದ್ದಿತ್ತು ಎಂಬ ನಮ್ಮ ಅಭಿಮಾನದ ಮಾತು ಈ ಲೆಕ್ಕದ ಮುಂದೆ ಪೂರ್ತಿ ನಿಲ್ಲುವುದಿಲ್ಲ. ಮಗಳ ವಿಷಯದಲ್ಲಿ ಮೈಸೂರು ಮುಂದೆ, ನಿಜ. ವಿಧವೆಯ ವಿಷಯದಲ್ಲಿ ಉತ್ತರ ಅವಳ ಗಂಡ ಯಾವ ವರ್ಷ ಸತ್ತ ಎಂಬುದರ ಮೇಲಿದೆ. ಸಾಲದ ಕಾನೂನಿನಲ್ಲೂ ಹೀಗೆಯೇ. ಮೈಸೂರು 1928ರಲ್ಲೇ ರೈತರ ಪರಿಹಾರ ಕಾಯಿದೆ ಮಾಡಿತು. ಆದರೆ ರಾಜಾಜಿ ಸರ್ಕಾರ 1938ರಲ್ಲಿ ಮದರಾಸಿನಲ್ಲಿ ತಂದದ್ದು, 1932ರ ಅಕ್ಟೋಬರಿಗಿಂತ ಹಿಂದಿನ ರೈತರ ಸಾಲಗಳ ಬಾಕಿ ಬಡ್ಡಿಯನ್ನು ಒಂದೇ ಏಟಿಗೆ ಹೊಡೆದುಹಾಕಿತು. ಎರಡು ಕಾನೂನನ್ನು ಹೋಲಿಸಿ ನೋಡುವ ಶಿಸ್ತು ಕಲಿಸುವುದು ಇದನ್ನೇ: ಹೆಮ್ಮೆಯನ್ನು ಬದಿಗಿಟ್ಟು, ಕಲಮು ಕಲಮಾಗಿ ಕೇಳುವುದು.

1956ರ ನಂತರ ಬೆಸುಗೆಯ ಕೆಲಸ ಶುರುವಾಯಿತು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹೀಗೆ ಐದು ಕಡೆಯ ಕಾನೂನುಗಳನ್ನು ಒಂದು ಮಾಡಬೇಕಿತ್ತು. ಗ್ರಾಮಾಧಿಕಾರ ರದ್ದತಿ ಕಾಯಿದೆ 1961ರದು. 1963ರ ಫೆಬ್ರವರಿಯಿಂದ ಕರಣಂನೂ ಶ್ಯಾನುಭೋಗನೂ ಒಟ್ಟಿಗೇ ಹೋದರು. ಅರಣ್ಯ ಕಾಯಿದೆ 1963, ಭೂಕಂದಾಯ ಕಾಯಿದೆ 1964. ಭೂಸುಧಾರಣಾ ಕಾಯಿದೆ 1965ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ದೇವಸ್ಥಾನಗಳ ಕಾನೂನು ಮಾತ್ರ ಉಳಿದುಹೋಯಿತು. ಯಳಂದೂರಿನ ಗುಡಿಗೆ 1927ರ ಮೈಸೂರು ಮುಜರಾಯಿ ಕಾಯಿದೆ, ಹನೂರಿನ ಗುಡಿಗೆ 1951ರ ಮದರಾಸು ದತ್ತಿ ಕಾಯಿದೆ. ಇದೇ ಮದರಾಸು ಕಾಯಿದೆಯಡಿ ಬಂದಿದ್ದ ಉಡುಪಿಯ ಅದಮಾರು ಮಠ ಈ ತಾರತಮ್ಯವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. 1979ರ ತೀರ್ಪು ಹೇಳಿದ್ದು ಎರಡು ಮಾತು. ಇತಿಹಾಸದ ಕಾರಣದಿಂದ ರಾಜ್ಯದ ಒಂದು ಭಾಗಕ್ಕೆ ಬೇರೆ ಕಾನೂನು ಇರುವುದು ಸಮಾನತೆಗೆ ವಿರುದ್ಧವಲ್ಲ. ಆದರೆ ಆ ಕಾರಣ ಎಂದೆಂದಿಗೂ ನಡೆಯುವುದಿಲ್ಲ. ಕಾಲ ಕಳೆದಂತೆ ಅದೇ ತಾರತಮ್ಯವಾಗುತ್ತದೆ, ಶಾಸನಸಭೆ ಬೇಗ ಏಕರೂಪದ ಕಾನೂನು ಮಾಡಲಿ. ಬೇಗ ಎಂದದ್ದಕ್ಕೆ ರಾಜ್ಯ ಕಾಯಿದೆ ಮಾಡಿದ್ದು 1997ರಲ್ಲಿ, ಜಾರಿ ಮಾಡಿದ್ದು 2003ರಲ್ಲಿ. ಮಹದೇಶ್ವರ ಬೆಟ್ಟಕ್ಕೆ ಆಮೇಲೆ 2013ರಲ್ಲಿ ಕ್ಷೇತ್ರಾಭಿವೃದ್ಧಿ ಪ್ರಾಧಿಕಾರದ ಪ್ರತ್ಯೇಕ ಕಾಯಿದೆಯೇ ಬಂತು.

ಗಡಿ ಅಳಿಸದೆ ಉಳಿದ ಜಾಗವೂ ಒಂದಿದೆ: ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ. 1956ರ ಪಟ್ಟಿ ಕೊಳ್ಳೇಗಾಲ ತಾಲ್ಲೂಕನ್ನು ಮೈಸೂರು ಜಿಲ್ಲೆಯ ಉಳಿದ ಭಾಗದಿಂದ ಬೇರೆ ತೆಗೆದು ದಕ್ಷಿಣ ಕನ್ನಡದ ಜೊತೆ ಇಟ್ಟಿತು. ಒಂದೇ ಜಾತಿಯ ಕುಟುಂಬ ತಾಲ್ಲೂಕಿನ ಗಡಿ ದಾಟಿದರೆ ಮೀಸಲಾತಿಯ ಹಕ್ಕು ಬದಲಾಗಬಹುದಿತ್ತು. 1976ರ ತಿದ್ದುಪಡಿ ಇಂಥ ಕ್ಷೇತ್ರಬಂಧನಗಳನ್ನು ಬಹುಪಾಲು ತೆಗೆದುಹಾಕಿತು. ಎಲ್ಲವನ್ನೂ ಅಲ್ಲ. ಆ ತಿದ್ದುಪಡಿಯ ಪಂಗಡಗಳ ಪಟ್ಟಿಯಲ್ಲೂ ಕಣಿಯನ್ ಎಂಬ ನಮೂದು ಕೊಳ್ಳೇಗಾಲ ತಾಲ್ಲೂಕಿಗೆ ಮಾತ್ರ. ಕಮ್ಮಾರ ಎಂಬುದು ದಕ್ಷಿಣ ಕನ್ನಡಕ್ಕೂ ಕೊಳ್ಳೇಗಾಲಕ್ಕೂ ಮಾತ್ರ. ಮದರಾಸು ಹೋಗಿ ಎರಡು ದಶಕವಾದ ಮೇಲೂ ಒಬ್ಬ ಹುಡುಗನ ಕಾಲೇಜು ಸೀಟನ್ನು ಅದರ ಗೆರೆ ತೀರ್ಮಾನಿಸುತ್ತಿತ್ತು.

ಈಗ ಯುರೋಪಿನತ್ತ. ತೌಲನಿಕ ಕಾನೂನು ಅಲ್ಲಿ ಸಂಘಟಿತ ವಿದ್ಯೆಯಾಗಿ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1869ರಲ್ಲಿ ಪ್ಯಾರಿಸಿನಲ್ಲಿ ತೌಲನಿಕ ಶಾಸನಗಳ ಸಂಘ ಹುಟ್ಟಿತು. 1900ರಲ್ಲಿ ಅದೇ ಊರಿನ ಸಮ್ಮೇಳನದಲ್ಲಿ ಲಂಬೆರ್, ಸಲೇಯ್ ಮೊದಲಾದವರು ನಾಗರಿಕ ಜಗತ್ತಿಗೆಲ್ಲ ಹೊಂದುವ ಒಂದು ಸಾಮಾನ್ಯ ಕಾನೂನಿನ ಕನಸು ಕಂಡರು. ಎರಡು ಮಹಾಯುದ್ಧಗಳು ಆ ಕನಸನ್ನು ಮಣ್ಣುಪಾಲು ಮಾಡಿದವು. ಆಮೇಲೆ ಜರ್ಮನಿಯ ತ್ಸ್ವೈಗರ್ಟ್ ಮತ್ತು ಕ್ಯೋಟ್ಸ್ ಹೆಚ್ಚು ನೆಲಕ್ಕೆ ಹತ್ತಿರದ ವಿಧಾನವೊಂದನ್ನು ಕೊಟ್ಟರು: ಕಾಯಿದೆಯ ಹೆಸರನ್ನು ಹೋಲಿಸಬೇಡಿ, ಅದು ಬಗೆಹರಿಸುವ ಸಮಸ್ಯೆಯನ್ನು ಹೋಲಿಸಿ. ಮೇಲಿನ ವಿಧವೆಯರ ಲೆಕ್ಕ ಆ ವಿಧಾನದ್ದೇ.

ಕೊಳ್ಳೇಗಾಲಕ್ಕೆ ನಿಜವಾದ ಜೊತೆ ಅಲ್ಸಾಸ್ ಸೀಮೆ. 1871ರಲ್ಲಿ ಜರ್ಮನಿ ಅದನ್ನು ಫ್ರಾನ್ಸಿನಿಂದ ಕಿತ್ತುಕೊಂಡಿತು, 1918ರಲ್ಲಿ ಅದು ವಾಪಸು ಬಂತು. ಬಂದಾಗ ಜರ್ಮನ್ ಕಾಲದ ಭೂನೋಂದಣಿ ಪುಸ್ತಕ, ಕಾರ್ಮಿಕ ವಿಮೆ ಇವೆಲ್ಲ ಜೊತೆಗೇ ಬಂದವು. ಫ್ರಾನ್ಸ್ 1924ರ ಕಾಯಿದೆಗಳ ಮೂಲಕ ತನ್ನ ಕಾನೂನನ್ನು ಅಲ್ಲಿ ಹರಡಿತು, ಆದರೆ ಸ್ಥಳೀಯ ಕಾನೂನಿನ ಒಂದಷ್ಟು ಭಾಗವನ್ನು ಬಿಟ್ಟಿತು. ಅದು ಇನ್ನೂ ಇದೆ. 1985ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅದರ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. 2011ರಲ್ಲಿ ಫ್ರಾನ್ಸಿನ ಸಂವಿಧಾನ ಮಂಡಳಿಯ ಮುಂದೆ, ನಮ್ಮ ಅದಮಾರು ಮಠದ ಪ್ರಶ್ನೆಯೇ ಬಂತು: ಒಂದು ಸೀಮೆಗೆ ಮಾತ್ರ ಬೇರೆ ಕಾನೂನು ಸರಿಯೇ? ಬದಲಿ ಕಾನೂನು ಬರುವವರೆಗೆ ಅದು ಮುಂದುವರಿಯಬಹುದು, ಆದರೆ ವ್ಯತ್ಯಾಸವನ್ನು ಇನ್ನಷ್ಟು ಹಿಗ್ಗಿಸುವಂತಿಲ್ಲ ಎಂದು ಮಂಡಳಿ ಹೇಳಿತು. ನಮ್ಮ ಸುಪ್ರೀಂ ಕೋರ್ಟು ಕಾಲಕ್ಕೆ ಮಿತಿ ಹಾಕಿದರೆ, ಫ್ರಾನ್ಸ್ ವಿಸ್ತಾರಕ್ಕೆ ಮಿತಿ ಹಾಕಿತು. ಈ ಎರಡು ತೀರ್ಪುಗಳನ್ನು ಒಟ್ಟಿಗಿಟ್ಟು ಓದಿಸಿದರೆ ಒಂದು ಇಡೀ ಸೆಮಿಸ್ಟರಿನ ಪಾಠ ಆಗುತ್ತದೆ. ನನಗೆ ಸುಪ್ರೀಂ ಕೋರ್ಟಿನ ಮಾತು ಹೆಚ್ಚು ನ್ಯಾಯವೆನಿಸುತ್ತದೆ, ಫ್ರೆಂಚರ ನಡತೆ ಹೆಚ್ಚು ಜವಾಬ್ದಾರಿಯದೆನಿಸುತ್ತದೆ. ಬೇರೆ ಕಾನೂನನ್ನು ಉಳಿಸಿಕೊಂಡವರು ಅದನ್ನು ಓದಲು ಒಂದು ಮನೆಯನ್ನೂ ಕಟ್ಟಿದರು. ನಾವು ಅಳಿಸಿದೆವು, ಅಳಿಸಿದ್ದನ್ನು ದಾಖಲಿಸಲಿಲ್ಲ.

ಸಾರ್‌ಲಾಂಡಿನ ಉದಾಹರಣೆ ಇನ್ನೂ ಹತ್ತಿರದ್ದು. ಯುದ್ಧಾನಂತರ ಫ್ರಾನ್ಸಿನ ಹಿಡಿತದಲ್ಲಿದ್ದ ಆ ಪುಟ್ಟ ಸೀಮೆ ಪಶ್ಚಿಮ ಜರ್ಮನಿಗೆ ಸೇರಿದ್ದು 1957ರ ಜನವರಿ 1ರಂದು, ಕೊಳ್ಳೇಗಾಲ ಮೈಸೂರಿಗೆ ಸೇರಿ ಎರಡು ತಿಂಗಳಿಗೆ. ಅಲ್ಲಿನ ವಿಶ್ವವಿದ್ಯಾಲಯ ಅದಕ್ಕೆ ಮುಂಚೆಯೇ, 1955ರಲ್ಲಿ, ಫ್ರೆಂಚ್ ಕಾನೂನು ಕಲಿಸುವ ಕೇಂದ್ರ ತೆರೆದಿತ್ತು. ಗಡಿ ಬದಲಾದ ಮೇಲೂ ಅದನ್ನು ಮುಚ್ಚಲಿಲ್ಲ. ಜರ್ಮನ್ ನೆಲದಲ್ಲಿ ಫ್ರೆಂಚ್ ಅಧ್ಯಾಪಕರು ಫ್ರೆಂಚ್ ಭಾಷೆಯಲ್ಲಿ ಫ್ರೆಂಚ್ ಕಾನೂನು ಕಲಿಸುತ್ತ ಬಂದರು. ಆಮೇಲೆ 1976ರಲ್ಲಿ ಫ್ಲಾರೆನ್ಸಿನ ಯುರೋಪಿಯನ್ ವಿಶ್ವವಿದ್ಯಾಲಯ ಸಂಸ್ಥೆ, 1987ರಲ್ಲಿ ವಿದ್ಯಾರ್ಥಿ ವಿನಿಮಯದ ಎರಾಸ್ಮಸ್ ಯೋಜನೆ, 1999ರಲ್ಲಿ ಪದವಿಗಳನ್ನು ಹೊಂದಿಸುವ ಬೊಲೊನ್ಯಾ ಘೋಷಣೆ ಬಂದವು. ಯುರೋಪಿನ ಗಡಿಯಾಚೆಯ ಕಾನೂನು ಶಿಕ್ಷಣದ ಬೇರುಗಳಲ್ಲೊಂದು ಇಂಥ ಗಡಿಯೂರಿನ ಸಣ್ಣ ಕೇಂದ್ರದಲ್ಲಿದೆ.

ನಮ್ಮಲ್ಲಿ ಗಡಿಯಾಚೆ ಹೋಗಿ ಕಾನೂನು ಕಲಿಯುವುದು ಹಳೆಯ ರೂಢಿ, ಬೇರೆ ದಾರಿ ಇರಲಿಲ್ಲ. ಮದರಾಸಿನ ಲಾ ಕಾಲೇಜು 1891ರದು. ಕೊಳ್ಳೇಗಾಲದವರಿಗೆ ಅದು ಸ್ವಂತ ರಾಜ್ಯದ ಕಾಲೇಜು. ಮೈಸೂರು ಸಂಸ್ಥಾನದವರು 1948ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ತೆರೆಯುವವರೆಗೆ ಮದರಾಸಿಗೋ ಪುಣೆಗೋ ಮುಂಬಯಿಗೋ ಹೋಗುತ್ತಿದ್ದರು. ಕೆಂಗಲ್ ಹನುಮಂತಯ್ಯನವರು ಪುಣೆಯಲ್ಲಿ ಓದಿದರು. ಕೊಳ್ಳೇಗಾಲ ಸೇರಿದ ದಿನ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರೂ ಪುಣೆಯಲ್ಲೇ. ಅಲ್ಲಿ ಬ್ರಿಟಿಷ್ ಇಂಡಿಯಾದ ಕಾನೂನು ಕಲಿತು, ಇಲ್ಲಿ ಮೈಸೂರಿನ ಕಾನೂನು ನಡೆಸಿದ ಪೀಳಿಗೆ ಅದು. ಎರಡನ್ನೂ ಮನಸ್ಸಿನಲ್ಲೇ ಹೋಲಿಸದೆ ಅವರಿಗೆ ಒಂದು ಅರ್ಜಿ ಬರೆಯಲಾಗುತ್ತಿರಲಿಲ್ಲ. ವಿದ್ವತ್ತಿನ ಕಡೆ ನೋಡಿದರೆ ಲಂಡನ್ನಿನಲ್ಲಿ ಹಿಂದೂ ಕಾನೂನು ಕಲಿಸುತ್ತಿದ್ದ ಡಂಕನ್ ಡೆರೆಟ್ ನೆನಪಾಗುತ್ತಾರೆ. ಹೊಯ್ಸಳರ ಇತಿಹಾಸ ಬರೆದವರೂ ಅವರೇ. ಕನ್ನಡ ನಾಡಿನ ಶಿಲಾಶಾಸನವನ್ನೂ ನ್ಯಾಯಾಲಯದ ತೀರ್ಪನ್ನೂ ಒಬ್ಬನೇ ಓದಬಲ್ಲವನಾದರೆ ಕಾನೂನಿನ ಇತಿಹಾಸ ಎಷ್ಟು ಬೆಳಗುತ್ತದೆ ಎಂಬುದಕ್ಕೆ ಅವರು ಮಾದರಿ.

1961ರ ವಕೀಲರ ಕಾಯಿದೆ ದೇಶಕ್ಕೆಲ್ಲ ಒಂದು ವಕೀಲ ವರ್ಗ ಮಾಡಿತು. ಯಳಂದೂರಿನ ವಕೀಲ ಇಂದು ಸತ್ಯಮಂಗಲದ ಕೋರ್ಟಿನಲ್ಲಿ ವಾದಿಸಬಹುದು, ಯುರೋಪಿನಲ್ಲಿ ಇನ್ನೊಂದು ದೇಶದಲ್ಲಿ ಕಾಯಂ ಆಗಿ ವಕೀಲಿ ನಡೆಸಲು ಐರೋಪ್ಯ ಒಕ್ಕೂಟದ 1998ರ ನಿರ್ದೇಶನ ಬೇಕಾಯಿತು. ಆದರೆ ಹಕ್ಕು ಸಿಕ್ಕಿದ್ದಕ್ಕೆ ತಕ್ಕ ಓದು ಬಂತೇ? ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು ಯುರೋಪಿಗೆ ವಿನಿಮಯಕ್ಕೆ ಹೋಗುತ್ತಾರೆ, ಒಳ್ಳೆಯದೇ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಶುರುವಾದ ಮೇಲೆ ಜಿಲ್ಲೆಗಳ ಕಾಲೇಜುಗಳು ಒಂದೇ ಪಠ್ಯಕ್ರಮಕ್ಕೆ ಬಂದವು. ಚಾಮರಾಜನಗರದ ಹುಡುಗಿ ಮೈಸೂರಿನಲ್ಲಿ ಓದಿ ಕೊಳ್ಳೇಗಾಲದ ಕೋರ್ಟಿಗೆ ಬಂದಾಗ ಅವಳ ಕೈಗೆ ಬರುವ ಕಡತದಲ್ಲಿ ಮದರಾಸಿನ ಕಾಯಿದೆ ಇರುತ್ತದೆ. ಅದನ್ನು ಅವಳು ಕಲಿಯಬೇಕಾದದ್ದು ಹಿರಿಯ ವಕೀಲರ ಪಕ್ಕ ಕೂತು. ಆ ಹಿರಿಯರು ಕೋಟು ಕಳಚಿದ ಮೇಲೆ ಕಲಿಸುವವರು ಯಾರು?

ಇದು ಹಳೆಯ ಕಡತಗಳ ಮಾತಷ್ಟೇ ಎಂದುಕೊಳ್ಳಬಾರದು. ಗಡಿ ಹೋಗಲಿಲ್ಲ, ಆಚೆಗೆ ಸರಿಯಿತು. ಹನೂರಿನಿಂದ ರಾಮಾಪುರದ ಮೇಲೆ ಗರಿಕೆಕಂಡಿ ದಾಟಿದರೆ ಬರ್ಗೂರು, ತಮಿಳುನಾಡಿನ ಈರೋಡು ಜಿಲ್ಲೆ. ಚಾಮರಾಜನಗರದ ಆಚೆಗೆ ತಾಳವಾಡಿ. ಎರಡೂ ಕಡೆ ಕನ್ನಡದ ಮನೆಗಳಿವೆ, ಬೀಗತನಗಳಿವೆ. ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬ ತಿದ್ದುಪಡಿ ತಮಿಳುನಾಡಿನಲ್ಲಿ 1989ರ ಮಾರ್ಚ್ 25ರಿಂದ, ಕರ್ನಾಟಕದಲ್ಲಿ 1994ರ ಜುಲೈ 30ರಿಂದ. ಅದಕ್ಕೆ ಮುಂಚೆ ಮದುವೆಯಾದವರಿಗೆ ಎರಡೂ ಕಡೆ ಹಕ್ಕಿಲ್ಲ. 1991ರಲ್ಲಿ ಮದುವೆಯಾದ ಬರ್ಗೂರಿನ ಮಗಳಿಗೆ ತವರಿನ ಆಸ್ತಿಯಲ್ಲಿ ಪಾಲುಂಟು, ಅದೇ ವರ್ಷ ಮದುವೆಯಾದ ಹನೂರಿನ ಮಗಳಿಗೆ ಇಲ್ಲ. 2005ರಲ್ಲಿ ಸಂಸತ್ತಿನ ತಿದ್ದುಪಡಿ ಇದನ್ನು ಸರಿಮಾಡಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾಗಿ ಮುಗಿದ ವಿಭಾಗಗಳನ್ನು ಅದು ಮುಟ್ಟಲಿಲ್ಲ. ಆಗಲೇ ಪತ್ರವಾಗಿದ್ದ ಮನೆಯ ಹನೂರಿನ ಮಗಳು ಪಾಲಿಲ್ಲದೆಯೇ ಉಳಿದಳು.

ಕಾಡಿನ ಕಾನೂನಿನ ಕಥೆಯೂ ಇದೇ ಗಡಿಯ ಮೇಲೆ ಸಾಗುತ್ತದೆ. 1878ರ ಭಾರತೀಯ ಅರಣ್ಯ ಕಾಯಿದೆಯನ್ನು, ಹಳ್ಳಿಗರ ಹಕ್ಕು ಮುರಿಯುತ್ತದೆಂದು ಮದರಾಸಿನ ಕಂದಾಯ ಮಂಡಳಿ ಒಪ್ಪಲಿಲ್ಲ. 1882ರಲ್ಲಿ ಆ ಪ್ರಾಂತ್ಯ ತನ್ನದೇ ಕಾಯಿದೆ ಮಾಡಿತು. ಮೈಸೂರಿನದು 1900ರದು. ಕಾಡಿನ ಬುಡಕಟ್ಟಿನವರಾದ ಸೋಲಿಗರಲ್ಲಿ ಕೊಳ್ಳೇಗಾಲ ಕಡೆಯವರೂ ಬಿಳಿಗಿರಿ ಕಡೆಯವರೂ ಹೀಗೆ ಎರಡು ಅರಣ್ಯ ಕಾನೂನಿನಡಿ ಬಾಳಿದವರು. 2006ರ ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಮುದಾಯದ ಹಕ್ಕುಪತ್ರ ಪಡೆದರು. ಹುಲಿ ರಕ್ಷಿತಾರಣ್ಯವೊಂದರ ಒಳಗೆ ಅಂಥ ಹಕ್ಕು ಮೊದಲು ಸಿಕ್ಕಿದ್ದು ಅವರಿಗೆ. ಪಕ್ಕದ ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು, ಅಲ್ಲಿಯೂ ಸೋಲಿಗರಿದ್ದಾರೆ. ಒಂದೇ ಕೇಂದ್ರ ಕಾಯಿದೆ ಎರಡು ರಾಜ್ಯಗಳ ಕೈಯಲ್ಲಿ ಹೇಗೆ ನಡೆಯುತ್ತದೆ ಎಂಬ ಹೋಲಿಕೆಯನ್ನು ಕಾನೂನು ವಿದ್ಯಾರ್ಥಿಗಳು ಸೋಲಿಗರ ಹಾಡಿಗಳಾದ ಪೋಡುಗಳಿಗೆ ಹೋಗಿ ಕೇಳಿ ಬರೆಯಬೇಕು.

ಹಾಗಾದರೆ ಮಾಡಬೇಕಾದದ್ದು ಏನು? ಯುರೋಪಿನಷ್ಟು ಹಣ ಬೇಕಿಲ್ಲ. ಮೈಸೂರಿನ ಒಂದು ಕಾನೂನು ಕಾಲೇಜು, ಕೊಯಮತ್ತೂರಿನ ಒಂದು ಕಾನೂನು ಕಾಲೇಜು ಒಪ್ಪಂದ ಮಾಡಿಕೊಂಡು ಪ್ರತಿ ವರ್ಷ ಹತ್ತು ಹತ್ತು ವಿದ್ಯಾರ್ಥಿಗಳನ್ನು ಅದಲುಬದಲು ಕಳಿಸಿದರೆ ಸಾಕು. ಇಲ್ಲಿಂದ ಹೋದವರು ತಮಿಳಿನ ಅಡಂಗಲ್ ಓದಲು ಕಲಿಯುತ್ತಾರೆ, ಅಲ್ಲಿಂದ ಬಂದವರು ಕನ್ನಡದ ಪಹಣಿ ಓದಲು. ತಾಳವಾಡಿಯ, ಬರ್ಗೂರಿನ, ಹನೂರಿನ ಕಕ್ಷಿದಾರನಿಗೆ ಇಬ್ಬರೂ ಬೇಕು. ಇದರ ಜೊತೆ ಕೊಳ್ಳೇಗಾಲ, ಯಳಂದೂರು ನ್ಯಾಯಾಲಯಗಳ 1956ಕ್ಕೆ ಹಿಂದಿನ ತೀರ್ಪುಗಳು, ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ನೋಂದಣಿ ಪುಸ್ತಕಗಳು, ಕರಣಂ ಮನೆತನಗಳ ಗಂಟುಗಳು ಎಲ್ಲೆಲ್ಲಿವೆ ಎಂಬ ಪಟ್ಟಿಯಾಗಬೇಕು. ನಶಿಸುವ ಮುನ್ನ ಅವುಗಳ ಚಿತ್ರ ತೆಗೆದಿಡಬೇಕು. ಸಾಕ್ಷಿಗಳನ್ನೂ ಕೇಳಿ ಬರೆದಿಡಬೇಕು. 1956ರಲ್ಲಿ ಇಪ್ಪತ್ತು ವರ್ಷದವರಾಗಿದ್ದ, ಮದರಾಸಿನ ಕಂದಾಯ ಕಟ್ಟಿ ಮೈಸೂರಿನ ಕಂದಾಯಕ್ಕೆ ಬಂದ, ಸೆಂಟಿನಲ್ಲಿ ಕೊಂಡು ಗುಂಟೆಯಲ್ಲಿ ಮಾರಿದ ರೈತರಿಗೂ ಅವರ ಮನೆಯ ಹೆಂಗಸರಿಗೂ ಈಗ ತೊಂಬತ್ತರ ಆಸುಪಾಸು. ಈ ವರ್ಷದ ಕಾನೂನು ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಮುಡಿಗುಂಡಕ್ಕೂ ಮಾಂಬಳ್ಳಿಗೂ ಹೋಗಿ ಅವರ ಮುಂದೆ ಕೂತರೆ, ಯಾವ ಹೆಂಗಸಿಗೆ ಎಷ್ಟು ಪಾಲು ಬಂತು, ಯಾರು ಬಿಟ್ಟುಕೊಟ್ಟರು, ಯಾರು ಕೋರ್ಟಿನ ಮೆಟ್ಟಿಲು ಹತ್ತಿದರು ಎಂದು ಹೆಸರು ಹಿಡಿದು ಹೇಳಬಲ್ಲವರು ಇನ್ನೂ ಕೆಲವರು ಸಿಗುತ್ತಾರೆ.